ಬಲಗೈ ಹೆಬ್ಬೆರಳು

ಹಳ್ಳದ ನೀರಿನಲ್ಲಿ ಮೂರನೆಯ ಸಲ ಕೈ ತೊಳೆದಾಗಲೂ ಮಸಿ ಹೋಗಲಿಲ್ಲ. ಭಾಗಣ್ಣ ಮೊದಲು ಬರೀ ನೀರಿನಿಂದ ತಿಕ್ಕಿದ್ದ, ಆಮೇಲೆ ಉಸುಕು ಹಚ್ಚಿ ತಿಕ್ಕಿದ್ದ, ಈಗ ದಂಡೆಯ ಹುಣಸೆ ಗಿಡದ ಎಲೆ ಜಜ್ಜಿ ತಿಕ್ಕಿದ. ಚರ್ಮ ಕೆಂಪಾಯಿತು, ಉರಿಯಿತು. ಕೆಂಪಿನ ನಡುವೆ ಮಸಿ ಮಾತ್ರ ಇನ್ನೂ ಸ್ಪಷ್ಟವಾಯಿತು. ಇಪ್ಪತ್ತು ವರ್ಷ ಹುಟ್ಟು ಹಿಡಿದು, ನೀರಲ್ಲಿ ನೆನೆದು, ಬಿಸಿಲಲ್ಲಿ ಒಣಗಿ ಬಿರಿದ ಬೆರಳು ಅದು. ಒಂದೊಂದು ಬಿರುಕೂ ಕಚೇರಿಯ ನೀಲಿ ಮಸಿಯನ್ನು ಕುಡಿದು ಕೂತಿತ್ತು. ಬಲಗೈ ಬದಲು ಎಡಗೈ ಆಗಿದ್ದರೆ ಇಷ್ಟು ಅಂಜಿಕೆ ಇರುತ್ತಿರಲಿಲ್ಲ ಎಂದುಕೊಂಡ. ಅದೂ ಸುಳ್ಳೆಂದು ತಕ್ಷಣ ಹೊಳೆಯಿತು. ಅವನಿಗೆ ದಸ್ಕತ್ತು ಬರುತ್ತದೆ. ದಸ್ಕತ್ತು ಬರುವವನ ಯಾವ ಬೆರಳಿಗೂ ಮಸಿ ಹತ್ತುವ ಕಾರಣವಿಲ್ಲ. ಕೃಷ್ಣೆಯ ಈ ದಂಡೆಯಲ್ಲಿ ಹರಗೋಲು ಹಾಕುವ ಹನ್ನೊಂದು ಮಂದಿಯಲ್ಲಿ ಹೆಬ್ಬೆಟ್ಟು ಒತ್ತದವನು ತಾನೊಬ್ಬನೇ ಎಂದು ಅವನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದ, ಕೇಳದವರಿಗೂ. ಈಗ ಆ ಜಂಬವೇ ಸಾಕ್ಷಿ ಹೇಳಲು ಬೆರಳ ತುದಿಯಲ್ಲಿ ಕೂತಿತ್ತು.

ದಸ್ಕತ್ತು ಎಂದರೆ ಅಷ್ಟೇ, ದಸ್ಕತ್ತು. ಮಳೆಗಾಲವೊಂದರಲ್ಲಿ ಹೊಳೆ ಇಳಿಯುವವರೆಗೆ ಊರಲ್ಲಿ ಸಿಕ್ಕಿಬಿದ್ದಿದ್ದ ಶಾಲೆಯ ಮಾಸ್ತರನೊಬ್ಬ, ಭಾಗಣ್ಣ ತನ್ನನ್ನು ದಾಟಿಸುವ ಉಪಕಾರಕ್ಕೆ ಅವನ ಹೆಸರನ್ನು ಉರ್ದುವಿನಲ್ಲಿ ಬರೆಯಲು ಕಲಿಸಿದ್ದ. ಬಲದಿಂದ ಎಡಕ್ಕೆ ಎಳೆಯುವ ಒಂದು ಬಾಗು, ಒಂದು ಕೊಕ್ಕೆ, ಕೆಲವು ಚುಕ್ಕೆ. ಅದರಲ್ಲಿ ಯಾವ ಗೆರೆ 'ಭಾ', ಯಾವುದು 'ಗ' ಎಂದು ಭಾಗಣ್ಣನಿಗೆ ಗೊತ್ತಿರಲಿಲ್ಲ. ಮೀನಿನ ಚಿತ್ರ ಬರೆದ ಹಾಗೆ ಬರೆಯುತ್ತಿದ್ದ. ಬೇರೆ ಯಾರ ಹೆಸರನ್ನು ಅದೇ ಲಿಪಿಯಲ್ಲಿ ತೋರಿಸಿದರೂ ಅದು ತನ್ನದೇ ಇರಬಹುದೇ ಎಂದು ಒಂದು ಗಳಿಗೆ ನೋಡುತ್ತಿದ್ದ. ಆದರೂ ಕಾಗದದ ಮುಂದೆ ಕೂತಾಗ, ಉಳಿದವರು ಎಡಗೈ ಚಾಚಿ ಬೆರಳನ್ನು ಇನ್ನೊಬ್ಬನ ಕೈಗೆ ಕೊಡುವಾಗ, ತಾನು ಲೇಖಣಿ ಕೇಳುವ ಆ ಸುಖ. ಅದಕ್ಕಾಗಿಯೇ ಅವನು ಗುತ್ತೇದಾರನಾಗಲು ಹೊರಟದ್ದು ಎಂದರೆ ತಪ್ಪಾಗುತ್ತಿರಲಿಲ್ಲ. ಕಡವಿನಲ್ಲಿ ಜನ ದಾಟಿಸುವ ಹಕ್ಕನ್ನು ಸರಕಾರ ವರ್ಷಕ್ಕೊಮ್ಮೆ ಗುತ್ತಾ ಕೊಡುತ್ತಿತ್ತು. ಹಿಡಿದವನು ಗುತ್ತೇದಾರ, ಉಳಿದವರು ಅವನ ಕೈಕೆಳಗೆ ಹುಟ್ಟು ಹಾಕುವವರು. ಇಪ್ಪತ್ತು ವರ್ಷ ಭಾಗಣ್ಣ ಹುಟ್ಟು ಹಾಕಿದ. ಆಚೆ ದಂಡೆಯಿಂದ ಜನ ಕೂಗುತ್ತಿದ್ದದ್ದು ಒಂದೇ ಮಾತು: "ಏ, ಮರಿಲಿಂಗಮ್ಮನ ಗಂಡಾ, ಬಾರೋ!"

ಅವರದೂ ತಪ್ಪಿರಲಿಲ್ಲ. ಆಚೆ ದಂಡೆಯ ಊರುಗಳಿಗೆ ಮರಿಲಿಂಗಮ್ಮನ ತುಪ್ಪ ಗೊತ್ತಿತ್ತು. ಗಡಿಗೆಯ ಮುಚ್ಚಳ ತೆಗೆದರೆ ಮೂರು ಮನೆಗೆ ವಾಸನೆ ಹೋಗುವ ತುಪ್ಪ. ಯಾದಗಿರಿಯ ಸ್ಟೇಷನ್ನಿನವರೆಗೆ ಹೋಗಿ ರೈಲು ಹತ್ತುವ ತುಪ್ಪ. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಕಾಣೆಯಾಯಿತು, ಅರಿವೆ ಕಾಣೆಯಾಯಿತು, ತುಪ್ಪಕ್ಕೆ ಮಾತ್ರ ಬೆಲೆ ಏರಿತು. ಮನೆಯ ಜೋಳ, ಉಪ್ಪು, ಮಗಳ ಮದುವೆ, ಅವನ ಧೋತರ, ಎಲ್ಲ ಆ ಗಡಿಗೆಯಿಂದ ಬಂದದ್ದು. ಹುಟ್ಟಿನಿಂದ ಬಂದದ್ದು ಬೀಡಿ, ಎಲೆ ಅಡಿಕೆ, ವಾರಕ್ಕೊಮ್ಮೆ ಚಹಾ. ಇದನ್ನು ಅವನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಹಾಕದಿರುವುದು ದೊಡ್ಡ ಮನಸ್ಸಿನ ಲಕ್ಷಣ ಎಂದೇ ತಿಳಿದಿದ್ದ. ನಿನ್ನೆ ಮಧ್ಯಾಹ್ನ ಕಚೇರಿಯ ಹೊರಗೆ, ಬೇವಿನ ಗಿಡದ ಕೆಳಗೆ, ಅರ್ಜಿ ಬರೆಯುವ ಉಸ್ಮಾನಸಾಬ ಆ ಲೆಕ್ಕವನ್ನು ಅವನ ಬಾಯಿಂದಲೇ ಹೊರಡಿಸಿದ್ದ.

"ಜಮಾನತ್ತಿಗೆ ಏನು ಇಡ್ತಿ? ಗುತ್ತಾ ಮುರದ್ರ ಸರಕಾರ ಏನು ಹಿಡೀಬೇಕು? ಹೊಲ ಅದನೋ?"

"ಹೊಲ ಇಲ್ರಿ."

"ಮನಿ?"

"ಮನಿ ಅದ ರೀ. ಜಾಗಾ ಹೆಂಡ್ತಿ ಸ್ವಾದರತ್ತಿದು. ಆಕಿ ಹೆಸರಿಲೆ ಬಿಟ್ಟು ಹೋಗ್ಯಾಳ."

"ಹರಗೋಲ?"

ಹರಗೋಲು ತನ್ನದು ಎನ್ನಲು ಬಾಯಿ ತೆರೆದಿದ್ದ. ಬಿದಿರು ಕಡಿದವನು ತಾನು, ಬುಟ್ಟಿ ಹೆಣೆದವನು ತಾನು. ಆದರೆ ಅದರ ಮೇಲೆ ಎಳೆದು ಹೊಲಿದ ಚರ್ಮ ಬಂಗಾರಿಯದು, ಮರಿಲಿಂಗಮ್ಮ ಗುರುಮಠಕಲ್ಲಿನ ತವರಿನಿಂದ ಹಗ್ಗ ಹಿಡಿದು ನಡೆಸಿಕೊಂಡು ಬಂದ ಎಮ್ಮೆಯದು. ಬಂಗಾರಿ ಸತ್ತಾಗ ಅವಳು ಎರಡು ದಿನ ಒಲೆ ಹಚ್ಚಿರಲಿಲ್ಲ. ಮೂರನೆಯ ದಿನ ಅವನು ಚರ್ಮ ಕೇಳಿದಾಗ ಹೂಂ ಅಂದಿದ್ದಳು. ಇವತ್ತಿಗೂ ಹರಗೋಲಿಗೆ ಕಾಲಿಡುವ ಮುಂಚೆ ಬಗ್ಗಿ ಅದರ ಅಂಚನ್ನು ಮುಟ್ಟಿ ಹಣೆಗೆ ಒತ್ತಿಕೊಂಡು "ತಲ್ಲೀ" ಅನ್ನುತ್ತಾಳೆ. ಅವಳ ತೆಲುಗಿನಲ್ಲಿ ತಾಯಿ ಎಂದು. ಹೊಳೆಗೆ ಕೈ ಮುಗಿಯುತ್ತಿದ್ದಾಳೆ ಎಂದು ದಾಟುವವರು ತಿಳಿಯುತ್ತಾರೆ. ಈ ಕತೆಯನ್ನು ಉಸ್ಮಾನಸಾಬನಿಗೆ ಹೇಳುವುದು ಹೇಗೆ? "ಹರಗೋಲ ಬ್ಯಾಡ್ರಿ, ಹಳೇದಾಗ್ಯಾದ" ಎಂದ.

"ಮತ್ತ ನಿಂದು ಅಂಬೋದು ಏನರ ಅದನೋ ಇಲ್ಲೋ, ಮಾರಾಯ?"

"ಹುಟ್ಟು ಅದ ರೀ."

ಉಸ್ಮಾನಸಾಬ ಲೇಖಣಿ ಕೆಳಗಿಟ್ಟು ನಕ್ಕಿದ್ದ. "ಹುಟ್ಟು ಜಮಾನತ್ ಇಟಗೊಂಡು ಸರಕಾರ ಏನು ಅಂಬಲಿ ತಿರುವತದೇನು?"

ಸುತ್ತ ಕೂತಿದ್ದ ನಾಲ್ಕು ಮಂದಿ ನಕ್ಕರು. ಭಾಗಣ್ಣನೂ ನಕ್ಕ. ತನ್ನ ಮೇಲೆ ಜನ ನಕ್ಕಾಗ ಮೊದಲು ತಾನೇ ನಗುವುದು ಅವನು ಕಡವಿನಲ್ಲಿ ಕಲಿತ ಕಸುಬು. ನಗುತ್ತ ನಗುತ್ತಲೇ, ಹುಟ್ಟಿನ ಬದಲು ಇನ್ನೇನಾದರೂ ಭಾರವಾದದ್ದನ್ನು ಆ ಮಂದಿಯ ಮುಂದೆ ಇಡಬೇಕು ಅನ್ನಿಸಿ, "ಎಮ್ಮಿ ಅವ ರೀ, ನಾಕು" ಎಂದುಬಿಟ್ಟ. ನಗು ನಿಂತಿತು. ನಾಲ್ಕು ಎಮ್ಮೆ ಎಂದರೆ ಆ ಬೇವಿನ ಗಿಡದ ಕೆಳಗೆ ಕೂತ ಯಾರ ಬಳಿಯೂ ಇರಲಿಲ್ಲ. ಉಸ್ಮಾನಸಾಬ ಲೇಖಣಿಯನ್ನು ದೌತಿಯಲ್ಲಿ ಅದ್ದಿದ. "ಅಣ್ಣಾರ, ಮೊದಲ ಹೇಳಬಾರದೇನ್ರಿ?" 'ಮಾರಾಯ'ನಿಂದ 'ಅಣ್ಣಾರ'ಕ್ಕೆ ಏರಲು ಒಂದು ಗಳಿಗೆ ಸಾಕಾಯಿತು. ಆ ಏರಿನ ಸುಖ ಇವತ್ತು ಈ ಹಳ್ಳದ ದಂಡೆಯಲ್ಲಿ ನೆನೆದರೂ ಹೊಟ್ಟೆಯಲ್ಲಿ ಬೆಚ್ಚಗಾಗುತ್ತಿತ್ತು. ಅದೇ ನಾಚಿಕೆಯ ಸಂಗತಿ.

ಅವನು ಎದ್ದು ನಡೆದ. ಶಹಾಪುರ ಬಿಟ್ಟದ್ದು ಬೆಳ್ಳಿ ಮೂಡುವ ಹೊತ್ತಿಗೆ. ಊರಿಗೆ ಐದು ಹರದಾರಿ. ಹಿಂದೆ ತಿರುಗಿದರೆ ಶಹಾಪುರದ ಗುಡ್ಡ ಇನ್ನೂ ಕಾಣುತ್ತಿತ್ತು, ಅಂಗಾತ ಮಲಗಿದ ಗಂಡಸಿನ ಹಾಗೆ: ಹಣೆ, ಮೂಗು, ಎದೆ, ಚಾಚಿದ ಕಾಲು. ಚಿಕ್ಕಂದಿನಲ್ಲಿ ಅದನ್ನು ನೋಡಿ ಯಾರೋ ದೊಡ್ಡ ರಾಜ ದಣಿದು ಮಲಗಿದ್ದಾನೆ ಎಂದುಕೊಂಡಿದ್ದ. ಇವತ್ತು ಬೆಳಗ್ಗೆ ಆ ರಾಜನ ಹೊಟ್ಟೆಯ ಮೇಲಿಂದ ಕಟ್ಟಿಗೆ ಹೊರೆ ಹೊತ್ತ ಹೆಂಗಸರ ಸಾಲೊಂದು ಇಳಿಯುತ್ತಿತ್ತು. ರಾಜ ಏಳಲಿಲ್ಲ. ಹೊತ್ತೇರಿದ ಮೇಲೆ ಭಾಗಣ್ಣ ಎರೆ ಹೊಲದ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ. ಮೊನ್ನೆ ಅವಳು ಕಟ್ಟಿಕೊಟ್ಟದ್ದು: ಕಟಕು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಒಂದು ರೊಟ್ಟಿ ಉಳಿದಿತ್ತು. ಮುರಿಯಲು ಹಿಡಿದಾಗ ಬೆವೆತ ಬೆರಳು ರೊಟ್ಟಿಯ ಬಿಳಿಯ ಮೇಲೆ ನೀಲಿ ಗುರುತು ಮೂಡಿಸಿತು. ಕಾಗದದ ಮೇಲೆ ಬಿದ್ದದ್ದಕ್ಕಿಂತ ಚೆನ್ನಾಗಿತ್ತು. ಗೆರೆ ಗೆರೆ ಎಣಿಸಬಹುದಿತ್ತು. ಸುತ್ತ ಯಾರೂ ಇರಲಿಲ್ಲ, ಜಾಲಿಯ ಮೇಲೊಂದು ಕಾಗೆ ಬಿಟ್ಟರೆ. ಕಾಗೆಗೆ ಹಾಕೋಣವೆಂದುಕೊಂಡ. ಅದು ಎಲ್ಲಿಯಾದರೂ ಒಯ್ದು ಯಾರ ಅಂಗಳದಲ್ಲಾದರೂ ಬೀಳಿಸಿದರೆ ಎಂದು ಹೆದರಿದ. ಕೊನೆಗೆ ಆ ತುಂಡನ್ನೇ ಮೊದಲು ಬಾಯಿಗಿಟ್ಟು ನುಂಗಿದ. ಹೆಂಡತಿಯ ಅಂಗೂಠವನ್ನು ಹೆಂಡತಿಯ ರೊಟ್ಟಿಯ ಜೊತೆ ತಿಂದ ಗಂಡ ಈ ನಿಜಾಮ ಸೀಮೆಯಲ್ಲಿ ಇನ್ನೊಬ್ಬ ಇರಲಾರ.

ಅಂಗೂಠ, ಅಂದರೆ ಹೆಬ್ಬೆಟ್ಟಿನ ಗುರುತು, ಬೇಕೆಂದದ್ದು ಕಚೇರಿಯ ಒಳಗಿನ ಗುಮಾಸ್ತ ಅಹಲಕಾರ. ಎಮ್ಮೆ ಎಂದ ಕೂಡಲೇ ಅವನು ಕನ್ನಡಕ ಮೇಲೆ ಮಾಡಿ, ಹೆಂಡತಿಯದೂ ಅಂಗೂಠ ತಾ ಎಂದಿದ್ದ: ಈ ದನದಲ್ಲಿ ನನ್ನ ಹಕ್ಕಿಲ್ಲ, ಎಲ್ಲ ಗಂಡನದು ಎಂದು. ಎರಡು ವರ್ಷದ ಹಿಂದೆ ಗುತ್ತಾ ಮುರಿದ ಸಾಬಣ್ಣನ ಮನೆಯ ಆಡುಗಳನ್ನು ಸರಕಾರದವರು ಹಿಡಿದಾಗ ಅವನ ಹೆಂಡತಿ ಮಲ್ಲಾಬಾಯಿ ಕಚೇರಿಗೆ ಬಂದು, ಆಡು ನನ್ನ ತವರಿನವು, ಗಂಡನ ತಪ್ಪಿಗೆ ನನ್ನ ಆಡು ಯಾಕೆ ಹಿಡಿದಿರಿ ಎಂದು ಮೂರು ದಿನ ಬಾಗಿಲಲ್ಲಿ ಕೂತಿದ್ದಳು. ಸಾಕ್ಷಿಗೆ ಊರ ಹೆಂಗಸರನ್ನು ಕರೆತಂದಿದ್ದಳು. ಆಡು ಬಿಡಬೇಕಾಯಿತು. ಆವತ್ತಿನಿಂದ ಅಹಲಕಾರ ಹೆಂಡಂದಿರ ಬೆರಳಿಲ್ಲದೆ ದನದ ಜಮಾನತ್ತು ಮುಟ್ಟುತ್ತಿರಲಿಲ್ಲ. "ಊರು ಐದು ಹರದಾರಿ ರೀ" ಎಂದು ಭಾಗಣ್ಣ ಹೊರಗೆ ಬಂದು ಉಸ್ಮಾನಸಾಬನಿಗೆ ಹೇಳಿದ. ಹೊತ್ತು ಮುಳುಗುವುದರೊಳಗೆ ಕಾಗದ ಒಪ್ಪಿಸದಿದ್ದರೆ ಗುತ್ತಾ ಆಚೆ ದಂಡೆಯ ಪರಮಣ್ಣನಿಗೆ ಹೋಗುತ್ತಿತ್ತು. ಪರಮಣ್ಣ ಅದೇ ಗಿಡದ ಬೊಡ್ಡೆಯ ಆಚೆ ಬದಿಗೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದ.

"ನೋಡಪಾ," ಉಸ್ಮಾನಸಾಬ ಮಸಿಯ ಪೆಟ್ಟಿಗೆಯ ಮುಚ್ಚಳ ತೆಗೆದು ನಡುವೆ ಇಟ್ಟಿದ್ದ. "ಗಂಡಸರದು ಎಡಗೈ ಹೆಬ್ಬಟ್ಟು, ಹೆಂಗಸರದು ಬಲಗೈ. ಇದು ಕಾಯ್ದೆ. ನಾ ಹಿಂದ ಹೋಗಿ ಪಾನ ಉಗಳಿ ಬರ್ತೀನಿ."

ಅವನು ಹೋದ ಹೊತ್ತು ಬಹಳವಿರಲಿಲ್ಲ. ಆದರೆ ಪಾನ ಉಗುಳಲು ಅಷ್ಟು ಹೊತ್ತು ಬೇಕಿರಲಿಲ್ಲ. ತಿರುಗಿ ಬಂದು ಕಾಗದ ನೋಡಿ, ಊದಿ ಆರಿಸಿ, "ಬಂದು ಹೋದಳೇನು? ಲಗೂ ಬಂದು ಲಗೂ ಹೋಗ್ಯಾಳ" ಎಂದಿದ್ದ. ಮತ್ತೆ ಬೆಳಕಿಗೆ ಹಿಡಿದು, "ಬೆರಳು ಬಾಳ ದೊಡ್ಡದಪಾ ನಿನ್ನ ಹೆಂಡ್ತೀದು. ದುಡಿಯೋ ಹೆಣ್ಮಗಳು ಕಾಣಸ್ತಾಳ."

ಕಾಗದದಲ್ಲಿ ಮೇಲೆ ಅವನ ದಸ್ಕತ್ತು, ಕೆಳಗೆ ಅವಳ ಅಂಗೂಠ. ಎರಡನ್ನೂ ನೋಡುತ್ತ ಭಾಗಣ್ಣನಿಗೆ ಮೊದಲು ಬಂದ ಯೋಚನೆ, ಅಂಗೂಠವೇ ಹೆಚ್ಚು ಚಂದ ಬಿದ್ದಿದೆ ಎಂಬುದು. ಎರಡನೆಯದು, ಹೆಂಡತಿಯಾಗಿ ತಾನು ಎಷ್ಟು ವಿಧೇಯ ಎಂಬುದು: ಯಾಕೆ ಎಂದು ಕೇಳಲಿಲ್ಲ, ಅಳಲಿಲ್ಲ, ಹದಿನೆಂಟು ವರ್ಷದ ಗಳಿಕೆಯನ್ನು ಒಂದು ಉಸಿರಲ್ಲಿ ಗಂಡನಿಗೆ ಬಿಟ್ಟುಕೊಟ್ಟು ಬೆರಳು ಒರೆಸಿಕೊಂಡೆ. ಇಂಥ ಹೆಂಡತಿ ಸಿಕ್ಕಿದ್ದರೆ ಯಾವತ್ತೋ ದೊಡ್ಡ ಮನುಷ್ಯನಾಗುತ್ತಿದ್ದೆ. ಮೂರನೆಯ ಯೋಚನೆ ಬರುವ ಹೊತ್ತಿಗೆ ಕಾಗದ ಒಳಗೆ ಹೋಗಿತ್ತು. ನಾಲ್ಕನೆಯ ಎಮ್ಮೆ ಎಮ್ಮೆಯಲ್ಲ, ಮಣಕ, ಇನ್ನೂ ಈಯದ್ದು. ಅದನ್ನು ಮರಿಲಿಂಗಮ್ಮ ವಡಗೇರಾಕ್ಕೆ ಕೊಟ್ಟ ಮಗಳು ಸುಗಲಮ್ಮನಿಗೆ ತೆಗೆದಿಟ್ಟಿದ್ದಳು. ಪಂಚಮಿಗೆ ಬಂದ ಮಗಳು ಹಿಂತಿರುಗುವಾಗ ಹಗ್ಗ ಹಿಡಿದು ಹೊಡೆದುಕೊಂಡು ಹೋಗಬೇಕು. ಪಂಚಮಿಗೆ ಎಂಟು ದಿನ ಇತ್ತು. ಈಗ ಅದು ಸರಕಾರದ ಕಾಗದದಲ್ಲಿ ಭಾಗಣ್ಣನ ಆಸ್ತಿ. ವರ್ಷ ಮುಗಿಯುವವರೆಗೆ ಕೊಟ್ಟಿಗೆ ಬಿಟ್ಟು ಕದಲುವಂತಿಲ್ಲ.

ಆ ಕಡೆಯ ರೂಢಿ ಹಾಗೆ. ತವರಿನಿಂದ ಬಂದ ಎಮ್ಮೆ ಈದರೆ ಹೆಣ್ಣುಗರು ಹೆಂಗಸಿನದು, ಗಂಡುಗರು ಮನೆಯ ಗಂಡಸಿನದು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಕೇಳಿದರೆ ಸಮಪಾಲೇ. ಮದುವೆಯಾದ ಹೊಸತರಲ್ಲಿ ಭಾಗಣ್ಣ, ಹಾಲು ಕರೆಯುವ ಕೆಲಸ ನಿನಗೆ, ಮೈತುಂಬ ಬೆಳೆಯುವ ಕೋಣ ನನಗೆ ಎಂದು ಹಿಗ್ಗಿದ್ದ. ಹದಿನೆಂಟು ವರ್ಷದಲ್ಲಿ ಅವನ ಪಾಲಿಗೆ ಐದು ಗಂಡುಗರು ಬಂದವು. ಒಂದು ಹೊಳೆಯ ಮಡುವಿಗೆ ಹೋಯಿತು. ಒಂದಕ್ಕೆ ಹಾವು ಕಚ್ಚಿತು. ಒಂದನ್ನು ಊರ ದೇವಿಗೆ ಬಿಟ್ಟರು. ಅವನನ್ನು ಕೇಳಿಯೇ ಬಿಟ್ಟರು, ಅದೊಂದು ಮರ್ಯಾದೆ. ಇನ್ನೊಂದನ್ನು ಸುರಪುರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬಂದದ್ದರಲ್ಲಿ ಈಗ ತಲೆಗೆ ಸುತ್ತಿದ ಈ ಕೆಂಪು ರುಮಾಲು ತಂದಿದ್ದ. ಐದನೆಯದು ಮನೆಯಲ್ಲಿ ಇದೆ: ಒಂದು ವರ್ಷದ್ದು, ಪಕ್ಕೆ ಎಣಿಸಬಹುದು. ಬೇಡದ ಕರುವಿಗೆ ಕೆಚ್ಚಲಲ್ಲಿ ಎಷ್ಟು ಬಿಡುತ್ತಾರೋ ಅಷ್ಟೇ ಅದು ಕುಡಿದದ್ದು. ಹೆಣ್ಣುಗರು ಮಾತ್ರ ಒಂದಕ್ಕೊಂದು ಹುಟ್ಟುತ್ತ, ಕರೆಯುತ್ತ, ಈಯುತ್ತ ಹೋದವು. ಮರಿಲಿಂಗಮ್ಮ ಅವುಗಳ ಜೊತೆ ಮಾತಾಡುವುದು ತೆಲುಗಿನಲ್ಲಿ. "ರಾ ತಲ್ಲೀ, ರಾ" ಎಂದರೆ ಬರುತ್ತವೆ, "ಆಗು" ಎಂದರೆ ನಿಲ್ಲುತ್ತವೆ. ಭಾಗಣ್ಣ ಕನ್ನಡದಲ್ಲಿ ಎಷ್ಟು ಬೈದರೂ ಕಿವಿ ಸಹ ಅಲ್ಲಾಡಿಸುವುದಿಲ್ಲ. ತನ್ನ ಮನೆಯ ಐಶ್ವರ್ಯಕ್ಕೆ ತನ್ನ ಭಾಷೆ ತಿಳಿಯುವುದಿಲ್ಲ ಎಂದು ಅವನೇ ಕಡವಿನಲ್ಲಿ ಹೇಳಿ ಜನರನ್ನು ನಗಿಸುತ್ತಿದ್ದ. ಕಲಿಯಬಹುದಿತ್ತು. ಉರ್ದುವಿನ ಒಂದು ಕೊಕ್ಕೆಗೆ ಇಡೀ ಮಳೆಗಾಲ ಕೊಟ್ಟವನಿಗೆ ತೆಲುಗಿನ ಎರಡು ಮಾತು ಕಷ್ಟವಿರಲಿಲ್ಲ. ಅದನ್ನು ಕಲಿತರೆ ಸಗಣಿ ಬಾಚುವ ಕೆಲಸವೂ ತನಗೆ ಬರುತ್ತದೆ ಎಂದು ಹೆದರಿದ್ದ, ಅಷ್ಟೇ.

ಊರ ಅಗಸೆ ಕಾಣುವ ಹೊತ್ತಿಗೆ ಮಸಿ ಹೋಗುವುದಿಲ್ಲ ಎಂಬುದು ಖಾತ್ರಿಯಾಯಿತು. ಒಪ್ಪತ್ತು ಎಂದು ಹೇಳಿ ಊಟ ಬಿಡಬಹುದು. ಉಣ್ಣದಿದ್ದರೆ ಬಲಗೈ ಹೊರಗೆ ಬರುವುದಿಲ್ಲ. ಆದರೆ ಎಷ್ಟು ದಿನ? ಹೆಂಡತಿಯ ಆಸ್ತಿ ನುಂಗಿದವನು ಅವಳ ರೊಟ್ಟಿ ಬಿಟ್ಟು ಸಾಯುವುದು ಪ್ರಾಯಶ್ಚಿತ್ತದ ಹಾಗೆ ಕಾಣಬಹುದು, ಆದರೆ ಈಗಲೇ ಹೊಟ್ಟೆ ಕೂಗುತ್ತಿತ್ತು. ಅಗಸೆಯ ಹೊರಗೆ ನಿಂತು ತಲೆಯ ರುಮಾಲು ಬಿಚ್ಚಿ, ಅಂಚನ್ನು ಹಲ್ಲಲ್ಲಿ ಕಚ್ಚಿ ಹರಿದ. ಚರ್ರನೆ ಸದ್ದಾಯಿತು. ಹದಿನೆಂಟು ವರ್ಷದಲ್ಲಿ ತನ್ನ ಪಾಲಿನಿಂದ ಬಂದ ಒಂದೇ ಒಂದು ವಸ್ತುವನ್ನು ಹರಿದು ಹೆಬ್ಬೆರಳಿಗೆ ಸುತ್ತಿ ಗಂಟು ಹಾಕಿದ. ಗಾಯವಿಲ್ಲದ ಬೆರಳು ಪಟ್ಟಿಯೊಳಗೆ ನಿಜವಾಗಿಯೂ ಮಿಡಿಯತೊಡಗಿತು.

ಮರಿಲಿಂಗಮ್ಮ ಅಂಗಳದಲ್ಲಿ ಎಮ್ಮೆಗಳಿಗೆ ಮುಸುರೆ ಇಡುತ್ತಿದ್ದಳು. ಅವನನ್ನು ನೋಡಿ ಎಮ್ಮೆಗಳ ಕಡೆ ತಿರುಗಿ, "ಗುತ್ತೇದಾರ್ರು ಬಂದಾರ, ಎದ್ದು ನಿಂದರ್ರಿ" ಎಂದಳು. ಎಮ್ಮೆಗಳು ಏಳಲಿಲ್ಲ. ಕನ್ನಡದಲ್ಲಿ ಹೇಳಿದ್ದಳು.

"ಆತೇನು?"

"ಆತು."

"ದಸ್ಕತ್ ಮಾಡಿದಿ?"

"ಮಾಡಿದೆ."

"ಪರಮಣ್ಣ ಏನಂದ?"

"ಏನಂತಾನ, ಶೇಂಗಾ ತಿನಕೋತ ಕುಂತಿದ್ದ."

ಅವಳು ನಕ್ಕಳು. ನಿಜವಾಗಿ ಸಂತೋಷಪಟ್ಟಿದ್ದಳು, ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ಹದಿನೆಂಟು ವರ್ಷ ಮರಿಲಿಂಗಮ್ಮನ ಗಂಡ ಎಂದು ಕರೆಸಿಕೊಂಡದ್ದು ಅವನನ್ನು ಚುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳು ಯಾವತ್ತೂ ತೋರಿಸಿರಲಿಲ್ಲ. ಬೈದಿದ್ದರೆ ಸುಲಭವಿತ್ತು. ನೀರು ಕೊಡಲು ಬಂದವಳ ಕಣ್ಣು ಪಟ್ಟಿಯ ಮೇಲೆ ಬಿತ್ತು.

"ಬೆರಳಿಗೇನಾತು?"

"ಮುಳ್ಳು."

"ಕಚೇರ್ಯಾಗ ಎಲ್ಲಿ ಮುಳ್ಳು ಬಂತು?"

"ಕಚೇರ್ಯಾಗಲ್ಲ, ದಾರ್ಯಾಗ."

"ದಾರ್ಯಾಗಿನ ಮುಳ್ಳು ಕಾಲಿಗಿ ಚುಚ್ಚತದ. ನೀ ಏನು ಕೈಲೆ ನಡಕೋತ ಬಂದಿಯೇನು?"

ಗೋಡೆಯಾಚೆಯಿಂದ ನೆರೆಮನೆಯ ಮುದುಕಮ್ಮ ಇಣುಕಿದಳು. ಅವಳು ಇಣುಕದ ದಿನ ಸೂರ್ಯ ಹುಟ್ಟಿದ್ದು ಕಡಿಮೆ. "ಏ ಲಿಂಗವ್ವ, ಆ ರುಮಾಲ ಹರಕೊಂಡಾನಂದ್ರ ಮುಳ್ಳು ದೊಡ್ಡದೇ ಇರಬೇಕ ನೋಡು. ಮಗಳ ಮದಿವ್ಯಾಗ ಮಳಿ ಬಂದ್ರ ತಲಿ ಬಿಟ್ಟು ರುಮಾಲ ಮುಚ್ಚಿಗೊಂಡಾಂವ."

ಮರಿಲಿಂಗಮ್ಮ ಒಳಗೆ ಹೋಗಿ ಒಲೆಯ ಬದಿಯಲ್ಲಿ ಬೆಚ್ಚಗಿದ್ದ ತುಪ್ಪದ ಬಟ್ಟಲು ತಂದಳು, ಇನ್ನೊಂದು ಕೈಯಲ್ಲಿ ಅರಿಸಿನ. ಮೆಟ್ಟಿಲ ಮೇಲೆ ಅವನೆದುರು ಕೂತಳು. ಬೇಡ ಅಂದ, ಕೈ ಹಿಂದಕ್ಕೆಳೆದ. "ಕೀವಾದ್ರ ಹುಟ್ಟು ಹ್ಯಾಂಗ ಹಿಡೀತಿ? ಈಗ ಗುತ್ತೇದಾರ ಬ್ಯಾರೆ" ಎಂದು ಮುಂಗೈ ಹಿಡಿದು ಎಳೆದುಕೊಂಡಳು. ಎಮ್ಮೆಯ ಕಾಲಲ್ಲಿ ಮೊಳೆ ತೆಗೆಯುವಾಗ ಹಿಡಿಯುವ ಹಿಡಿತ ಅದು, ಬಿಡಿಸಿಕೊಳ್ಳಲು ಬರುವುದಿಲ್ಲ. ಗಂಟು ಬಿಚ್ಚಿದಳು. ಒಂದು ಸುತ್ತು, ಎರಡು ಸುತ್ತು. ಭಾಗಣ್ಣ ಅಂಗಳದ ಆಚೆಯ ಹೊಳೆಯನ್ನು ನೋಡಿದ. ಕೆಂಪು ನೀರು ಬಂದಿತ್ತು. ನಾಳೆ ದಾಟುವವರು ಬಹಳ ಇರುತ್ತಾರೆ ಎಂದು ಸಂಬಂಧವಿಲ್ಲದೆ ಯೋಚಿಸಿದ. ಬೆರಳಿಗೆ ಗಾಳಿ ತಗಲಿತು.

ಅವಳು ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅರಿಸಿನವನ್ನು ಪಕ್ಕಕ್ಕಿಟ್ಟಳು. ಬೆರಳನ್ನು ತುಪ್ಪದಲ್ಲಿ ಅದ್ದಿ ಅವನ ಹೆಬ್ಬೆರಳನ್ನು ತಿಕ್ಕತೊಡಗಿದಳು, ಮೆಲ್ಲಗೆ, ಉಗುರಿನ ಬುಡದಿಂದ ತುದಿಗೆ. ಉಸುಕಿಗೆ ಹೋಗದ, ಹುಣಸೆಗೆ ಹೋಗದ ಮಸಿ ತುಪ್ಪಕ್ಕೆ ಬಿಟ್ಟಿತು. ನೀಲಿಯಾಗಿ ಕರಗಿ ಅವಳ ಬೆರಳುಗಳಿಗೆ ಹತ್ತಿತು.

"ಬಲಗೈ" ಎಂದಳು ಕೊನೆಗೆ. "ಹೆಂಗಸರದು ಬಲಗೈ ಅಂತ ನಿನಗ ಯಾರು ಹೇಳಿದ್ರು?"

ಸುಳ್ಳು ಹೇಳಲು ಅವನ ಬಳಿ ಏನೂ ಉಳಿದಿರಲಿಲ್ಲ. "ಉಸ್ಮಾನಸಾಬ."

"ನನಗೂ ಅಂವನೇ ಹೇಳಿದ್ದ."

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಮಲ್ಲಾಬಾಯಿ ಸಾಕ್ಷಿಗೆ ಕರೆದೊಯ್ದ ಹೆಂಗಸರಲ್ಲಿ ಇವಳೂ ಇದ್ದಳು. ನಾಲ್ಕು ಮಂದಿ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟಾಗ ಅವನು ಕಡವಿನ ಕಟ್ಟೆಯ ಮೇಲೆ ಕೂತು, ಆಡಿನ ವಕೀಲರು ಹೊಂಟಾರ ನೋಡ್ರಿ ಎಂದು ನಕ್ಕಿದ್ದ. ಆ ನಾಲ್ಕು ಹೆಬ್ಬೆರಳು ಮಾಡಿದ ಕಾಯ್ದೆಯನ್ನೇ ನಿನ್ನೆ ಅಹಲಕಾರ ಅವನ ಮುಂದೆ ಇಟ್ಟದ್ದು. ಒಂದು ರೀತಿಯಲ್ಲಿ ತನ್ನ ಹೆಂಡತಿ ಹಾಕಿದ ಬೀಗವನ್ನೇ ತಾನು ಅವಳ ಹೆಸರಿನ ಕೀಲಿಯಿಂದ ತೆಗೆದು ಬಂದಿದ್ದ.

"ಏನಂತ ಬರಸಿದಿ?"

"ಎಮ್ಮಿ ನನ್ನವು, ನಿನ್ನ ಹಕ್ಕಿಲ್ಲ ಅಂತ."

"ಎಷ್ಟು?"

"ನಾಕು."

"ಮಣಕ ಕೂಡಿಸಿ?"

"ಕೂಡಿಸಿ."

ಅವಳು ಅವನ ಕೈಯನ್ನು ಬಿಡಲಿಲ್ಲ, ಒಗೆಯಲಿಲ್ಲ. ಉಳಿದ ಒಂದು ಬಿರುಕಿನ ಮಸಿಯನ್ನೂ ತೆಗೆದು, ಸೆರಗಿನಿಂದ ಒರೆಸಿ, ಕೈಯನ್ನು ಅವನ ತೊಡೆಯ ಮೇಲೆ ಇಟ್ಟಳು, ಇನ್ನೊಬ್ಬರ ಸಾಮಾನನ್ನು ಹಿಂದಿರುಗಿಸುವ ಹಾಗೆ. ಗೋಡೆಯಾಚೆ ಮುದುಕಮ್ಮ ತಾನಾಗಿ ತಲೆ ಕೆಳಗೆ ಎಳೆದುಕೊಂಡಳು, ಅವಳ ಜನ್ಮದಲ್ಲಿ ಮೊದಲ ಸಲ. ಆಮೇಲೆ ಮರಿಲಿಂಗಮ್ಮ ಒಳಗೆ ಹೋಗಿ ರೊಟ್ಟಿ ತಂದಿಟ್ಟಳು, ಮೇಲೆ ಬೆಂಡಿ ಪಲ್ಯ. "ಉಣ್ಣು." ಭಾಗಣ್ಣ ಉಂಡ. ಬೈಗುಳಕ್ಕಾಗಿ ಕಾಯುತ್ತ ಒಂದು ರೊಟ್ಟಿ, ಬಾರದ್ದಕ್ಕೆ ಇನ್ನೊಂದು ರೊಟ್ಟಿ. ನಾಚಿಕೆಯಾದವನಿಗೆ ಹಸಿವಾಗಬಾರದು ಎಂದು ಎಲ್ಲಿಯೋ ಕೇಳಿದ್ದನೇ ಹೊರತು ಅನುಭವಕ್ಕೆ ಬರಲಿಲ್ಲ. ಬೆರಳು ತುಪ್ಪ ನಾರುತ್ತಿತ್ತು.

ಬೆಳಗ್ಗೆ ಎದ್ದಾಗ ಕೊಟ್ಟಿಗೆಯಲ್ಲಿ ಮುದುಕಮ್ಮ ಎಮ್ಮೆ ಹಿಂಡುತ್ತಿದ್ದಳು. ಮೂರು ಎಮ್ಮೆ ಇದ್ದವು. ಮಣಕದ ಗೂಟ ಖಾಲಿಯಿತ್ತು. ಅದರ ಪಕ್ಕದ ಗೂಟವೂ ಖಾಲಿ.

"ಎಲ್ಲಿ ಹೋಗ್ಯಾಳ?"

"ಮಣಕ ಮಗಳಿಗಿ ಮುಟ್ಟಿಸಿ, ಅಲ್ಲಿಂದ ಹಂಗೇ ಶಹಾಪುರಕ್ಕ ಹೋಗತಾಳಂತ" ಎಂದಳು ಮುದುಕಮ್ಮ ತಲೆ ಎತ್ತದೆ. "ನನ್ನ ಹೆಬ್ಬಟ್ಟು ಹ್ಯಾಂಗದ ಅಂತ ಕಚೇರ್ಯಾಗ ತೋರಿಸಿ ಬರ್ತೀನಂದ್ಲು. ಈಗ ಊರ ಹಳ್ಳದ ಹಂತ್ಯಾಕ ಇರಬೇಕು. ಕಾಲಾಗ ಏನರ ಹಾಕ್ಕೋ ಮಾರಾಯ, ಮುಳ್ಳು ಅವ."

ಭಾಗಣ್ಣ ಓಡಿದ. ಓಡುತ್ತ ಓಡುತ್ತ, ಯಾಕೆ ಓಡುತ್ತಿದ್ದೇನೆ ಎಂದು ಕೇಳಿಕೊಂಡ. ತಡೆಯಲೆಂದೇ? ಅವಳ ಬೆರಳು ಕಾಗದದ ಮೇಲೆ ಬಿದ್ದರೆ ಅಹಲಕಾರ ಎರಡನ್ನೂ ಹೋಲಿಸುತ್ತಾನೆ. ಇದು ಯಾರದು ಎಂದು ಕೇಳುತ್ತಾನೆ. ಗುತ್ತಾ ಪರಮಣ್ಣನದಾಗುತ್ತದೆ, ತಾನು ಖೊಟ್ಟಿ ಅಂಗೂಠದವನಾಗುತ್ತೇನೆ, ಜೇಲೂ ಆಗಬಹುದು. ಹೋಗದೆ ಮನೆಯಲ್ಲೇ ಕೂತರೆ? ಆಗ ಬೇವಿನ ಗಿಡದ ಕೆಳಗೆ ಅವಳೊಬ್ಬಳೇ ನಿಲ್ಲುತ್ತಾಳೆ. ಉಸ್ಮಾನಸಾಬ, ನಿನ್ನೆ ಮೊನ್ನೆ ಬಂದು ಒತ್ತಿ ಹೋದಿಯಲ್ಲವ್ವ, ಮರೆತೆಯೇನು ಎನ್ನುತ್ತಾನೆ. ಮಂದಿ ನಗುತ್ತಾರೆ. ಮೊದಲು ತಾನೇ ನಗುವ ಕಸುಬು ಅವಳಿಗೆ ಗೊತ್ತಿಲ್ಲ. ಹಳ್ಳದ ಹತ್ತಿರ ಅವರು ಕಂಡರು: ಮುಂದೆ ಮರಿಲಿಂಗಮ್ಮ, ಹಿಂದೆ ಹಗ್ಗವೇ ಇಲ್ಲದೆ ನಡೆಯುವ ಮಣಕ, ಅದರ ಹಿಂದೆ ಅವಳು ಹಗ್ಗ ಹಿಡಿದು ಎಳೆಯುತ್ತಿದ್ದ ಆ ಬಡಕಲು ಕೋಣಗರು.

ಅವಳು ನಿಂತಳು. ಅವನು ಹತ್ತಿರ ಬಂದು ಏದುಸಿರು ಬಿಟ್ಟ.

"ಇದನ್ನ್ಯಾಕ ತಂದಿ?"

"ಇದು ನಿಂದು." ಹಗ್ಗವನ್ನು ಅವನ ಕೈಗೆ ಕೊಟ್ಟಳು, ಬಲಗೈಗೆ. "ಜಮಾನತ್ತಿಗಿ ಇದನ್ನ ಬರಸು. ತಗೊಂಡ್ರ ತಗೊಳ್ಳಿ, ಇಲ್ಲಂದ್ರ ಬಿಡ್ಲಿ."

"ಅಂವ ಕೇಳ್ತಾನ, ಮೊದಲಿಂದು ಯಾರ ಬೆರಳು ಅಂತ."

"ಕೇಳ್ತಾನ."

"ಏನು ಹೇಳ್ಲಿ?"

"ನನಗೇನು ಕೇಳ್ತಿ? ದಸ್ಕತ್ ಬರೋನು ನೀನು."

ಅವಳು ತಿರುಗಿ ಹಳ್ಳಕ್ಕಿಳಿದಳು. ಮಣಕ ಇಳಿಯಿತು. ನೀರು ಮೊಣಕಾಲಿನವರೆಗಿತ್ತು. ಭಾಗಣ್ಣ ಹಗ್ಗ ಎಳೆದ. ಕೋಣಗರು ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿತು. "ನಡಿ" ಎಂದ, "ಹೋ" ಎಂದ, ಅದರ ಅವ್ವನನ್ನೂ ಅಜ್ಜಿಯನ್ನೂ ಸೇರಿಸಿ ಬೈದ. ಅದು ಅವನನ್ನು ನೋಡಿತು, ಮೊದಲ ಸಲ ನೋಡುವ ಹಾಗೆ. ಆಚೆ ದಂಡೆಯಲ್ಲಿ ಮರಿಲಿಂಗಮ್ಮ ಸೀರೆಯ ಅಂಚು ಹಿಂಡುತ್ತಿದ್ದಳು, ಹಿಂದೆ ನೋಡಲಿಲ್ಲ. ಬಾಗಿ, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿ, ಕರುವಿನ ಕಿವಿಯ ಹತ್ತಿರ ಮೆಲ್ಲಗೆ "ರಾ" ಎಂದ. ಹದಿನೆಂಟು ವರ್ಷದಲ್ಲಿ ಅವನು ಆಡಿದ ಮೊದಲ ತೆಲುಗು. ಕರು ಕಿವಿ ಅಲ್ಲಾಡಿಸಿತು. ಆಮೇಲೆ ಒಮ್ಮೆಲೆ ಅವನನ್ನು ದಾಟಿ ನೀರಿಗೆ ಹಾರಿ ಅವಳ ಕಡೆ ಓಡಿತು. ಹಗ್ಗ ಬಿಗಿಯಿತು. ಬಿಡಬಹುದಿತ್ತು. ಭಾಗಣ್ಣ ಅದನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ತನ್ನ ಆಸ್ತಿ ಎಳೆದ ಕಡೆ ಎಡವುತ್ತ, ತೊಡೆಯವರೆಗೆ ತೋಯುತ್ತ, ಕಚೇರಿಯ ದಾರಿಯಲ್ಲಿ ನಡೆದ.